ಸರಿಯಾಗಿ ಅರ್ಧ

ಸರಿಯಾಗಿ ಅರ್ಧ ಯಾಕೆ ಬರಬೇಕು? ನಲವತ್ತೊಂದು ಬಂದಿದ್ದರೆ ನಂಬಬಹುದಿತ್ತು. ಮೂವತ್ತೇಳು ಬಂದಿದ್ದರೂ ನಂಬಬಹುದಿತ್ತು. ಮಸಿಯನ್ನೂ ಪಾಲಿಮರನ್ನೂ ಕಲಸಿ ನೀರಿನೊಳಕ್ಕೆ ಹಿಂಡಿ ತೆಗೆಯುವ ಕೆಲಸದಲ್ಲಿ ಇಷ್ಟು ನುಣ್ಣಗಿನ ಅಂಕಿ ಎಲ್ಲಿಂದ ಬಂತು? ಅಥವಾ ತಾನೇ ತಲೆಗೆ ಬೇಡದ ಹುಳ ಬಿಟ್ಟುಕೊಂಡಿದ್ದಾನೆಯೇ? ಅಪರೂಪಕ್ಕೆ ಒಂದು ಕೆಲಸ ಕೈಹಿಡಿದರೆ ಅದನ್ನೂ ಅನುಮಾನಿಸುವ ಕೆಟ್ಟ ಚಾಳಿಯೇ ಇದು?

ಕಾಲೇಜಿನ ಪ್ರಯೋಗಾಲಯದ ಗೋಡೆ ಗಡಿಯಾರ ಒಂಬತ್ತೂಕಾಲು ತೋರಿಸುತ್ತಿತ್ತು. ಅವನ ಮುಂದೆ ಕಬ್ಬಿಣದ ಮೇಜು, ಮೇಜಿಗೆ ಮೂರು ಡ್ರಾಯರ್. ಮೂರನೆಯದರಲ್ಲಿ ಹೊಸ ನೂಲಿನ ಉಳಿಕೆ ತುಂಡೊಂದಿತ್ತು, ಒಂದು ಮೀಟರಿಗಿಂತ ತುಸು ಹೆಚ್ಚು. ಅದನ್ನು ತೆಗೆದು ಎರಡು ತುದಿಗೆ ವಿದ್ಯುತ್ ರೋಧ ಅಳೆಯುವ ಮೀಟರ್ ಹಿಡಿದರೆ ಆಯಿತು. ಅರ್ಧ ನಿಮಿಷದ ಕೆಲಸ. ಸೋಮವಾರದಿಂದ ಅವನು ಆ ಡ್ರಾಯರ್ ತೆರೆದಿರಲಿಲ್ಲ. ಇವತ್ತು ಗುರುವಾರ.

ಅವನ ಕೆಲಸ ನೂಲು ತೆಗೆಯುವುದು. ಕಾರ್ಬನ್ ನ್ಯಾನೊಟ್ಯೂಬ್ ಎಂದರೆ ಕಣ್ಣಿಗೆ ಬರೀ ಮಸಿ, ಲಾಟೀನಿನ ಗಾಜಿಗೆ ಹಿಡಿಯುವಂಥದ್ದು. ಅದರ ಒಂದೊಂದು ಕಣವೂ ಕೂದಲಿಗಿಂತ ಸಾವಿರಾರು ಪಾಲು ತೆಳುವಾದ ಕೊಳವೆ ಎನ್ನುವುದನ್ನು ಪುಸ್ತಕ ಓದಿ ನಂಬಬೇಕು. ಮುಖಕ್ಕೆ ಮುಸುಕು ಹಾಕಿ, ಗಾಜಿನ ಕಪಾಟಿನೊಳಗೆ ಕೈತೂರಿಸಿ ಅದನ್ನು ತೂಗಬೇಕು. ದ್ರಾವಕದಲ್ಲಿ ಹಾಕಿ, ಕಿವಿ ಸೀಳುವಂತೆ ಕಿರುಚುವ ಯಂತ್ರದ ಕಡ್ಡಿ ಇಳಿಬಿಟ್ಟು ಗಂಟುಗಳನ್ನು ಬಿಡಿಸಬೇಕು. ಇನ್ನೊಂದು ಪಾತ್ರೆಯಲ್ಲಿ ಕರಗಿಸಿಟ್ಟ ಪಾಲಿಮರ್ ಸೇರಿಸಿ ಕಲಸಿದರೆ ಕಾಡಿಗೆಯಂಥ ದಪ್ಪ ರಸವಾಗುತ್ತದೆ. ಸೂಜಿ ತೂತಿನಿಂದ ಆ ರಸವನ್ನು ನೀರಿನ ತೊಟ್ಟಿಯೊಳಕ್ಕೆ ಒತ್ತಿದರೆ, ನೀರು ತಾಗಿದ ಕ್ಷಣ ಅದು ಗಟ್ಟಿಯಾಗಿ ಕಪ್ಪು ಎಳೆಯಾಗುತ್ತದೆ. ಆ ಎಳೆಯನ್ನು ಉರುಳೆಗಳ ಮೇಲೆ ಹಾಯಿಸಿ, ಹಿಗ್ಗಿಸಿ, ಒಣಗಿಸಿ ಸುತ್ತಬೇಕು. ರಬ್ಬರಿನಂತೆ ಬಾಗುವ, ತಂತಿಯಂತೆ ವಿದ್ಯುತ್ ಹಾಯಿಸುವ ನೂಲು. ಹತ್ತು ಮೀಟರ್ ಬರುವಷ್ಟರಲ್ಲಿ ಎಲ್ಲೋ ಬಿಡಿಸದೆ ಉಳಿದ ಒಂದು ಗಂಟು ಸೂಜಿಗೆ ಸಿಕ್ಕಿ ಎಳೆ ಕಡಿಯುತ್ತದೆ. ಯಾವತ್ತೂ ಕಡಿಯುತ್ತದೆ. ಆದ್ದರಿಂದ ತುಂಡುಗಳನ್ನು ವಿದ್ಯುತ್ ಹಾಯುವ ಬೆಳ್ಳಿ ಅಂಟಿನಿಂದ ಬೆಸೆಯುವುದೂ ಅವನ ಕೆಲಸವೇ.

ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅದಕ್ಕೇ ಅಣ್ಣ ಅವನನ್ನು ಇದ್ದಿಲು ಎಂದು ಕರೆಯುತ್ತಿದ್ದ. ಅಣ್ಣನಿಗೂ ಒಂದು ಅಡ್ಡಹೆಸರಿತ್ತು, ಹಲ್ಲಿ. ಹಗ್ಗದಲ್ಲಿ ನೇತಾಡುತ್ತಾ ಎತ್ತರದ ಕಟ್ಟಡಗಳ ಗಾಜು ಒರೆಸುವುದು ಅವನ ಹೊಟ್ಟೆಪಾಡು.

ನೂಲು ಹೋಗಿದ್ದು ಅಣ್ಣನ ಹಗ್ಗದೊಳಕ್ಕೇ. ನಲವತ್ತು ಮೀಟರ್ ಹಗ್ಗ. ಅದರ ಹೊಟ್ಟೆಯಲ್ಲಿ ಅಕ್ಕಪಕ್ಕ ಎರಡು ಎಳೆ. ಒಂದರಲ್ಲಿ ವಿದ್ಯುತ್ ಕೆಳಗಿಳಿದು, ತುದಿಯಲ್ಲಿ ತಿರುಗಿ, ಇನ್ನೊಂದರಲ್ಲಿ ಮೇಲೆ ಬರುತ್ತದೆ. ಹಗ್ಗ ಎಲ್ಲೇ ಸವೆಯಲಿ, ಎಳೆ ಜಗ್ಗಿ ಅದರ ರೋಧ ಏರುತ್ತದೆ. ಚಾವಣಿಯಲ್ಲಿಟ್ಟ ಪುಟ್ಟ ಪೆಟ್ಟಿಗೆ ಆಗ ಹಸಿರು ಬಿಟ್ಟು ಕೆಂಪಾಗಿ ಕೂಗುತ್ತದೆ. ಇಷ್ಟೇ ವಿಷಯ. ಹಗ್ಗದ ಗಾಯವನ್ನು ಹಗ್ಗವೇ ಹೇಳಬೇಕು ಎನ್ನುವುದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅವರ ಹತ್ತು ವರ್ಷದ ಕನಸು. ಪರೀಕ್ಷೆಗೆ ಹಗ್ಗದ ಕೆಲಸದವರು ಬೇಕಾದಾಗ, ನಮ್ಮಣ್ಣ ಇದ್ದಾನೆ ಎಂದು ಕೈಯೆತ್ತಿದವನು ಅವನೇ.

ಮೊದಲ ಹಗ್ಗದ ಅಂಕಿ ಎಂಬತ್ತು ಕಿಲೋ ಓಮ್ ಇತ್ತು. ಮೀಟರಿಗೆ ಒಂದರಂತೆ, ಹೋಗಿ ಬರುವ ಎಂಬತ್ತು ಮೀಟರಿಗೆ ಎಂಬತ್ತು. ಎರಡನೇ ಹಗ್ಗಕ್ಕೆ ಅವನು ಮಸಿಯ ಪಾಲು ಹೆಚ್ಚಿಸಿ ಹೊಸ ಹದ ಮಾಡಿದ. ಅಂಕಿ ನಲವತ್ತಕ್ಕೆ ಇಳಿಯಿತು. ರೋಧ ಇಳಿದಷ್ಟೂ ನೂಲು ಉತ್ತಮ. ಮೇಡಂ ಅವನ ಬೆನ್ನು ತಟ್ಟಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ.

ಸೋಮವಾರ ಪರಿಶೀಲನಾ ಸಮಿತಿಗೆ ಕಳಿಸುವ ವರದಿ ಬರೆಯುತ್ತಾ ಮೇಡಂ, "ನೋಡು, ಸರಿಯಾಗಿ ಅರ್ಧ! ಓದೋರಿಗೂ ಎಷ್ಟು ಸಲೀಸು," ಎಂದಿದ್ದರು. ಅವನು ನಕ್ಕಿದ್ದ. ಆ "ಸರಿಯಾಗಿ" ಎನ್ನುವುದು ಅವನ ತಲೆಯಲ್ಲೇ ಉಳಿಯಿತು.

ಯಾಕೆಂದರೆ ಅವನಿಗೆ ಒಂದು ಬೆಸುಗೆ ನೆನಪಿತ್ತು. ಎರಡು ಎಳೆಗಳ ಬೆಸುಗೆಗಳು ಎದುರುಬದುರು ಬರಬಾರದು, ಒಂದಕ್ಕೊಂದು ಮೊಳ ದೂರವಿರಬೇಕು ಎನ್ನುವುದು ನಿಯಮ. ಬರೆದವನು ಅವನೇ. ಆದರೆ ಕೊನೆಯ ತುಂಡು ಮೊಳ ಕಡಿಮೆ ಬಿದ್ದಿತ್ತು. ಇನ್ನೊಂದು ತೆಗೆಯಲು ಎರಡು ದಿನ ಬೇಕು. ಹಗ್ಗ ಹೆಣೆಯುವವರು ಕಾಯುತ್ತಿದ್ದರು. ಒಂದೇ ಒಂದು ಕಡೆ ಬೆಸುಗೆಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಎರಡು ಪದರ ವಾರ್ನಿಷ್ ಬಳಿದು, ಸಾಕು ಎಂದುಕೊಂಡಿದ್ದ. ಆ ಜಾಗ ಇಪ್ಪತ್ತನೇ ಮೀಟರಿನಲ್ಲಿತ್ತು. ಹಗ್ಗದ ನಟ್ಟನಡುವೆ.

ಅವನು ಡ್ರಾಯರ್ ಎಳೆದ. ತುಂಡನ್ನು ಬಿಳಿ ಕಾಗದದ ಮೇಲೆ ಚಾಚಿದ. ಒಂದು ಮೀಟರಿಗೆ ಗುರುತು ಹಾಕಿ ರೋಧದ ಮೀಟರಿನ ಎರಡು ಮುಳ್ಳು ಇಟ್ಟ. ಹೊಸ ಹದ ನಿಜಕ್ಕೂ ಚೆನ್ನಾಗಿದ್ದರೆ ಅರ್ಧ ಕಿಲೋ ಓಮ್ ತೋರಿಸಬೇಕು.

ಒಂದು.

ಮುಳ್ಳು ಎತ್ತಿ ಮತ್ತೆ ಇಟ್ಟ. ಒಂದು. ತುದಿಯನ್ನು ಒರೆಸಿ ಮತ್ತೆ ಇಟ್ಟ. ಒಂದು.

ಹೊಸ ಹದದಿಂದ ಏನೂ ಬದಲಾಗಿರಲಿಲ್ಲ. ಬತ್ತಿಗೆ ಎಣ್ಣೆ ಏರುವಂತೆ ಬೆಳ್ಳಿ ಅಂಟು ನೂಲಿನ ಸಣ್ಣ ಸಣ್ಣ ಗೀರುಗಳಲ್ಲಿ ಹರಿದು, ಆರದ ವಾರ್ನಿಷಿನಡಿ ನುಸುಳಿ, ಪಕ್ಕದ ಎಳೆಯನ್ನು ಮುಟ್ಟಿದೆ. ವಿದ್ಯುತ್ ಇಪ್ಪತ್ತು ಮೀಟರ್ ಇಳಿದು, ಆ ಅಡ್ಡದಾರಿಯಲ್ಲಿ ದಾಟಿ, ಮೇಲೆ ಬಂದುಬಿಡುತ್ತಿದೆ. ಕೆಳಗಿನ ಇಪ್ಪತ್ತು ಮೀಟರ್ ಹಗ್ಗ ಪೆಟ್ಟಿಗೆಯ ಪಾಲಿಗೆ ಇಲ್ಲವೇ ಇಲ್ಲ. ಅಲ್ಲಿ ಏನೇ ಆಗಲಿ, ಹಸಿರೇ.

ಮೂರು ವಾರದ ಪರೀಕ್ಷೆಯ ಹತ್ತನೇ ದಿನ ಅದು. ಅಣ್ಣ ಈಗ ಆ ಹಗ್ಗದಲ್ಲಿದ್ದ.

ಫೋನ್ ತೆಗೆದು ಅಣ್ಣನ ನಂಬರು ಒತ್ತಿದ. ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಅತ್ತಿಗೆಗೆ ಮಾಡಿದ.

"ಏನಪ್ಪಾ, ಸೂರ್ಯ ಯಾವ ಕಡೆ ಹುಟ್ಟಿದಾನೆ? ನೀನೇ ಫೋನ್ ಮಾಡ್ತಿದೀಯ!"

"ಅತ್ತಿಗೆ, ಅಣ್ಣ ಫೋನ್ ಎತ್ತುತ್ತಿಲ್ಲ."

"ಹಗ್ಗಕ್ಕೆ ಹೋಗೋವಾಗ ಫೋನೆಲ್ಲ ಕೆಳಗೆ ಡಬ್ಬಿಗೆ ಹಾಕ್ತಾರಲ್ಲ, ಜೇಬಿಂದ ಜಾರಿ ಯಾರ ತಲೆ ಮೇಲಾದ್ರೂ ಬಿದ್ದೀತು ಅಂತ. ಮೇಸ್ತ್ರಿದೂ ಅಲ್ಲೇ ಇರುತ್ತೆ. ಯಾಕೋ, ಏನಾಯ್ತು?"

"ಏನಿಲ್ಲ. ಒಂದು ಅಳತೆ ಬೇಕಿತ್ತು."

"ನಿಮ್ಮಿಬ್ಬರ ಅಳತೆ ಮುಗಿಯೋ ಹೊತ್ತಿಗೆ ನನಗೆ ಮೊಮ್ಮಕ್ಕಳಾಗಿರುತ್ತವೆ," ಎಂದು ನಕ್ಕು ಅತ್ತಿಗೆ ಫೋನಿಟ್ಟಳು.

ಕಟ್ಟಡ ದೂರವೇನಿರಲಿಲ್ಲ. ಬಸ್ಸಿನಲ್ಲಿ ಹತ್ತು ನಿಮಿಷ, ಬಸ್ಸು ಬಂದರೆ. ಅವನು ಕಾಯದೆ ಓಡಿದ. ಬಿಳಿ ಕೋಟು ಬಿಚ್ಚಿರಲಿಲ್ಲ. ಜನ ತಿರುಗಿ ನೋಡಿ ದಾರಿ ಬಿಟ್ಟರು. ಯಾರಿಗೋ ಏನೋ ಆಗಿದೆ, ಡಾಕ್ಟರು ಓಡುತ್ತಿದ್ದಾರೆ ಎಂದುಕೊಂಡಿರಬೇಕು.

ಓಡುತ್ತಾ ಅವನಿಗೆ ಹಗ್ಗ ಕೊಟ್ಟ ದಿನ ನೆನಪಾಯಿತು. ಹಗ್ಗದವರಿಗೆ ಒಂದು ಕಟ್ಟುಪಾಡಿದೆ. ದಿನಾ ಬೆಳಿಗ್ಗೆ ಇಡೀ ಹಗ್ಗವನ್ನು, ಈ ತುದಿಯಿಂದ ಆ ತುದಿಯವರೆಗೆ, ಬರಿಗೈಯಲ್ಲಿ ಸವರಬೇಕು. ಕಣ್ಣು ಮುಚ್ಚಿಕೊಂಡು. ಕಣ್ಣು ತೆರೆದಿದ್ದರೆ ಕೈ ಸೋಮಾರಿಯಾಗುತ್ತದಂತೆ. ಒಂದು ನೂಲು ಎದ್ದಿದ್ದರೂ, ಒಂದು ಕಡೆ ಮೆತ್ತಗಾಗಿದ್ದರೂ ಅಂಗೈಗೆ ಗೊತ್ತಾಗುತ್ತದೆ. ಅಣ್ಣ ಹನ್ನೆರಡು ವರ್ಷದಲ್ಲಿ ಒಂದು ದಿನವೂ ಅದನ್ನು ತಪ್ಪಿಸಿದವನಲ್ಲ. ಅಣ್ಣನ ಕೈಗೆ ಹಗ್ಗ ಇಡುತ್ತಾ ಅವನೇ ಅಂದಿದ್ದ: "ಇನ್ಮೇಲೆ ನಿನ್ನ ಅಂಗೈಗೆ ರಜ, ಅಣ್ಣ." ಅಣ್ಣ ಹಗ್ಗವನ್ನು ಹೆಗಲಿಗೇರಿಸಿ, ಊರಿಗೆಲ್ಲ ಕೇಳುವಂತೆ, "ನೋಡ್ರೋ, ನನ್ನ ತಮ್ಮ ಮಾಡಿದ್ದು!" ಎಂದಿದ್ದ.

ರಜ ಎಂದದ್ದು ತಮಾಷೆಗೆ. ಅಣ್ಣ ಅದನ್ನು ತಮಾಷೆಯಾಗಿಯೇ ತೆಗೆದುಕೊಂಡಿರುತ್ತಾನೆ. ಇವತ್ತು ಬೆಳಿಗ್ಗೆಯೂ ಸವರಿರುತ್ತಾನೆ. ಸವರಿರಲೇಬೇಕು.

ಕಟ್ಟಡದ ಬುಡದಲ್ಲಿ ಹಳದಿ ಪಟ್ಟಿ ಕಟ್ಟಿದ್ದರು. ಅವನು ತಲೆಯೆತ್ತಿದ. ಹನ್ನೊಂದು ಅಂತಸ್ತಿನ ಗಾಜಿನ ಗೋಡೆಯಲ್ಲಿ ಕೆಂಪು ಶಿರಸ್ತ್ರಾಣದ ಚುಕ್ಕೆಯೊಂದು ಏಳನೇ ಅಂತಸ್ತಿನಲ್ಲಿ ಅಡ್ಡಡ್ಡ ಸರಿಯುತ್ತಿತ್ತು. ಅದರ ಕೆಳಗೆ, ಐದನೇ ಅಂತಸ್ತಿನಲ್ಲಿ, ಬಿಸಿಲಿಗೆ ಅಡ್ಡವಾಗಿ ಕೂರಿಸಿದ ತಗಡಿನ ಪಟ್ಟಿ ಗೋಡೆಯಿಂದ ಮುಂದೆ ಚಾಚಿತ್ತು. ಭಾರ ಹೊರುವ ಮುಖ್ಯ ಹಗ್ಗ, ಅದು ಕಡಿದರೆ ಹಿಡಿಯುವ ಕಾವಲು ಹಗ್ಗ, ಎರಡೂ ಅದರ ಅಂಚಿನ ಮೇಲೆ ಹಾದು ಕೆಳಗಿಳಿದಿದ್ದವು. ಅಂಚಿಗೆ ರಬ್ಬರ್ ಹಾಸು ಹಾಕಿರುತ್ತಾರೆ. ಅವನು ಕಣ್ಣು ಕಿರಿದುಮಾಡಿ ನೋಡಿದ. ಹಾಸು ಇತ್ತು. ಆದರೆ ಹಗ್ಗದ ಅಡಿಯಲ್ಲಿರಲಿಲ್ಲ. ಒಂದು ಮೊಳ ಎಡಕ್ಕೆ ಸರಿದಿತ್ತು.

ಯಾವಾಗ ಸರಿಯಿತೋ. ನಿನ್ನೆ ಅಣ್ಣ ಕೆಳಗಿನ ನಾಲ್ಕು ಅಂತಸ್ತು ಒರೆಸಿದ್ದ. ಇಡೀ ದಿನ ಅವನ ಭಾರ ಹೊತ್ತ ಹಗ್ಗ ಆ ತಗಡಿನ ಬಾಯಿಯ ಮೇಲೆ ಆಚೆ ಈಚೆ ಆಡಿರಬೇಕು. ಅದು ಇಪ್ಪತ್ತೆರಡನೇ ಮೀಟರಿನ ಹತ್ತಿರದ ಜಾಗ. ಪೆಟ್ಟಿಗೆಗೆ ಕಾಣದ ಅರ್ಧದಲ್ಲಿ.

ಕೂಗಲು ಬಾಯಿ ತೆರೆದ. ಮುಚ್ಚಿದ. ಹಗ್ಗದಲ್ಲಿರುವವನನ್ನು ಕೆಳಗಿನಿಂದ ಕೂಗಬಾರದು. ಬೆಚ್ಚಿ ತಿರುಗುತ್ತಾನೆ, ಇಲ್ಲವೇ ಏನೆಂದು ಕೇಳಲು ಸರ್ರನೆ ಇಳಿದುಬರುತ್ತಾನೆ. ಇಳಿಯುವುದೇ ಬೇಡವಾದದ್ದು.

ಲಿಫ್ಟ್ ಪ್ರತಿ ಅಂತಸ್ತಿನಲ್ಲೂ ನಿಂತಿತು. ಎರಡರಲ್ಲಿ ಒಬ್ಬಾಕೆ ಕಡತಗಳ ರಾಶಿ ಹೊತ್ತು ಹತ್ತಿದಳು. ನಾಲ್ಕರಲ್ಲಿ ಬಾಗಿಲು ತೆರೆಯಿತು, ಯಾರೂ ಇರಲಿಲ್ಲ. ಐದರಲ್ಲಿ ಇಬ್ಬರು ಬಾಗಿಲಿಗೆ ಕಾಲು ಅಡ್ಡವಿಟ್ಟು ಮಾತು ಮುಗಿಸಿದರು. "ಸ್ವಲ್ಪ ಬೇಗ," ಎಂದ. "ಏನ್ರೀ ಅಷ್ಟೊಂದು ಅರ್ಜೆಂಟು, ಕಟ್ಟಡ ಎಲ್ಲಿಗೂ ಓಡಿಹೋಗಲ್ಲ," ಎಂದು ಒಬ್ಬ ನಕ್ಕ. ಏಳನೇ ಅಂತಸ್ತಿನಲ್ಲಿ ಬಾಗಿಲು ತೆರೆದಾಗ ಪಡಸಾಲೆಯ ಕೊನೆಯ ಗಾಜಿನಾಚೆ ಎರಡು ಬೂಟುಗಳು ತೂಗುತ್ತಿರುವುದು ಕಂಡಿತು. ಬಾಗಿಲು ಮುಚ್ಚಿಕೊಂಡಿತು. ಅಣ್ಣ ಏಳನ್ನು ಮುಗಿಸುತ್ತಿದ್ದ. ಮುಂದಿನದು ಆರು, ಆಮೇಲೆ ತಗಡು.

ಕೊನೆಯ ಕಬ್ಬಿಣದ ಏಣಿ ಹತ್ತಿ ಅವನು ಚಾವಣಿಗೆ ಬಂದಾಗ ಮೇಸ್ತ್ರಿ ಬೋರಲು ಹಾಕಿದ ಬಕೆಟ್ ಮೇಲೆ ಕೂತು ಕಡಲೆಬೀಜ ಬಿಡಿಸುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ. ಮೂವತ್ತು ವರ್ಷ ಹಗ್ಗದಲ್ಲಿದ್ದು, ಮಂಡಿ ಸೋತ ಮೇಲೆ ಕೆಲಸಗಾರರನ್ನು ಇಳಿಸುವ ಹೊಣೆ ಹೊತ್ತವರು. ಅವರ ಪಕ್ಕದಲ್ಲಿ ಪೆಟ್ಟಿಗೆ. ಅದರ ಮೇಲೆ ಹಸಿರು ದೀಪ, ಪುಟ್ಟ ಕಿಟಕಿಯಲ್ಲಿ ಅಂಕಿ: ನಲವತ್ತು.

"ಬನ್ನಿ ವಿಜ್ಞಾನಿಗಳೇ! ಏನು, ಮಗು ಹೇಗಿದೆ ಅಂತ ನೋಡೋಕೆ ಬಂದ್ರಾ? ಹಸಿರಾಗೇ ಇದೆ. ಅತ್ತಿಲ್ಲ, ಕರೆದಿಲ್ಲ. ನಿಮ್ಮ ಪೆಟ್ಟಿಗೆ ಬಂದ ಮೇಲೆ ನನಗೇ ಕೆಲಸ ಇಲ್ಲ."

"ಮೇಸ್ತ್ರಿಗಳೇ, ಅಣ್ಣನ್ನ ಮೇಲೆ ಕರೀರಿ."

"ಮೇಲಾ?" ಮೇಸ್ತ್ರಿ ಬೀಜ ಬಾಯಿಗೆ ಹಾಕಿಕೊಳ್ಳುವುದನ್ನು ನಿಲ್ಲಿಸಿದರು. "ಹಗ್ಗದವನು ಕೆಳಗೆ ಹೋಗ್ತಾನೆ ಕಣ್ರೀ, ಮೇಲೆ ಬರಲ್ಲ. ಏಳರಿಂದ ಮೇಲೆ ಹತ್ತೋಕೆ ಇಪ್ಪತ್ತು ನಿಮಿಷ, ಇಳಿಯೋಕೆ ಎರಡೇ. ಅಷ್ಟು ಅವಸರ ಇದ್ದರೆ ಇಳಿಯೋಕೆ ಹೇಳ್ತೀನಿ, ತಾಳಿ."

"ಇಳಿಯೋದು ಬೇಡ!"

ತನ್ನ ದನಿ ಅವನಿಗೇ ವಿಚಿತ್ರವಾಗಿ ಕೇಳಿಸಿತು. ಮೇಸ್ತ್ರಿ ಅವನ ಮುಖವನ್ನೂ, ಆಮೇಲೆ ಪೆಟ್ಟಿಗೆಯನ್ನೂ ನೋಡಿದರು.

"ಹಸಿರಿದೆಯಲ್ಲ?"

"ಇದೆ."

"ಮತ್ತೆ?"

ಹೇಳಬೇಕಾದ್ದು ಒಂದೇ ವಾಕ್ಯ. ಹಸಿರು ಸುಳ್ಳು. ಆದರೆ ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ, ಅದರ ಮುಂದಿನದು ಬರುತ್ತದೆ, ಆ ಸಾಲಿನ ಕೊನೆಯಲ್ಲಿ ಸೋಮವಾರ ಕೂತಿದೆ. ಅವನು ಕೈ ಚಾಚಿದ. "ವಾಕಿಟಾಕಿ ಕೊಡಿ. ನಾನೇ ಮಾತಾಡ್ತೀನಿ."

"ಕಾವಲು ಹಗ್ಗಾನೂ ಇದೆ ಕಣ್ರೀ, ಯಾಕೆ ಬೆವರ್ತೀರಿ," ಎನ್ನುತ್ತಲೇ ಮೇಸ್ತ್ರಿ ಕೊಟ್ಟರು. ಕಾವಲು ಹಗ್ಗವೂ ಅದೇ ತಗಡಿನ ಮೇಲೆ ಹಾದಿದೆ. ಅವನು ಗುಂಡಿ ಒತ್ತಿದ.

"ಅಣ್ಣ."

ಗರಗರ ಸದ್ದು. ಗಾಜಿನ ಮೇಲೆ ರಬ್ಬರ್ ಎಳೆಯುವ ಕೀರಲು ದನಿ ನಿಂತಿತು. "ಯಾರು, ಇದ್ದಿಲಾ? ಏನೋ ಇಲ್ಲಿ? ಕಾಲೇಜಿಗೆ ಚಕ್ಕರ್ ಹೊಡೆದ್ಯಾ?"

"ಅಣ್ಣ, ಮೇಲೆ ಬಾ."

"ಈಗ ಏಳು ಮುಗೀತು. ಆರಕ್ಕೆ ಬಿಟ್ಕೊಳ್ತಿದೀನಿ. ಕೆಳಗೆ ಸಿಗು, ಟೀ ಕುಡಿಯೋಣ."

"ಬಿಟ್ಕೋಬೇಡ. ಇದ್ದಲ್ಲೇ ಇರು."

"ಯಾಕೋ?"

ಅವನು ಗುಂಡಿ ಒತ್ತಿ ಪೆಟ್ಟಿಗೆಯ ಹಸಿರು ದೀಪ ನೋಡಿದ. ಬೆರಳು ಸಡಿಲಿಸಿದ.

"ಏ, ಯಾಕೋ? ಮನೇಲಿ ಎಲ್ಲ ಸರಿಯಿದೆ ತಾನೆ?"

"ಮನೇಲಿ ಸರಿಯಿದೆ." ಅವನು ಗೋಡೆಯಂಚಿಗೆ ಹೋಗಿ ಬಗ್ಗಿದ. ಕೆಂಪು ಶಿರಸ್ತ್ರಾಣ ಹದಿನಾಲ್ಕು ಮೀಟರ್ ಕೆಳಗೆ. ಅಣ್ಣನ ಎಡಗೈ ಇಳಿಯುವ ಹಿಡಿಯ ಮೇಲೆಯೇ ಇತ್ತು. ಅದನ್ನು ಒತ್ತಿದರೆ ಹಗ್ಗ ಜಾರುತ್ತದೆ. "ಅಣ್ಣ, ಒಂದು ಕೇಳ್ತೀನಿ. ಬೆಳಿಗ್ಗೆ ಹಗ್ಗ ಸವರಿದ್ಯಾ?"

ಮೇಸ್ತ್ರಿ ತಟ್ಟನೆ ಎದ್ದು ನಿಂತರು. ಮಡಿಲಿನ ಬೀಜಗಳು ನೆಲಕ್ಕೆ ಚೆಲ್ಲಿದವು.

ವಾಕಿಟಾಕಿಯಲ್ಲಿ ಗಾಳಿಯ ಸದ್ದು ಮಾತ್ರ ಬಂತು.

"ಇಲ್ಲ," ಎಂದ ಅಣ್ಣ. "ನನ್ನ ಅಂಗೈಗೆ ನೀನೇ ರಜ ಕೊಟ್ಟಿದ್ಯಲ್ಲ."

ಅವನಿಗೆ ಇನ್ನೇನೂ ಹೇಳಬೇಕಾಗಲಿಲ್ಲ. ಚಿಕ್ಕಂದಿನಲ್ಲಿ ಅವನು ತಪ್ಪು ಮಾಡಿ ಬಾಗಿಲ ಹಿಂದೆ ನಿಂತರೆ, ಉಸಿರಾಟ ಕೇಳಿಯೇ ಅಣ್ಣ ಕಂಡುಹಿಡಿಯುತ್ತಿದ್ದ. ಕೆಳಗೆ ಎಡಗೈ ಹಿಡಿಯಿಂದ ಮೆಲ್ಲಗೆ ಸರಿಯಿತು. ಸೊಂಟಪಟ್ಟಿಯಿಂದ ಹತ್ತುವ ಹಿಡಿಗಳು ಹೊರಬಂದವು. ಕ್ಲಿಕ್ ಎಂದು ಒಂದು ಕಚ್ಚಿಕೊಂಡಿತು. ಕ್ಲಿಕ್ ಎಂದು ಇನ್ನೊಂದು.

"ಬರ್ತಿದೀನಿ," ಎಂದಿತು ವಾಕಿಟಾಕಿ.

ಮೇಲಿನ ಅರ್ಧ ಗಟ್ಟಿಯಿದೆ, ಅದನ್ನು ಪೆಟ್ಟಿಗೆ ನೋಡುತ್ತಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೆ ಸೋಮವಾರದಿಂದ ಅವನು ತನಗೆ ತಾನೇ ಹೇಳಿಕೊಂಡ ಯಾವುದು ನಿಜವಾಗಿತ್ತು? ಒಂದೊಂದು ಸಲ ಅಣ್ಣ ಭಾರ ಹಾಕಿದಾಗಲೂ ಹಗ್ಗ ಗೋಡೆಯಂಚಿನಲ್ಲಿ ಕಿರ್ ಎನ್ನುತ್ತಿತ್ತು. ಪೆಟ್ಟಿಗೆಯ ಅಂಕಿ ನಲವತ್ತರಿಂದ ನಲವತ್ತೊಂದಕ್ಕೆ ಏರಿ ಮತ್ತೆ ಇಳಿಯುತ್ತಿತ್ತು. ಹಸಿರು. ಹಸಿರು. ಅವನು ಆ ದೀಪವನ್ನು ದ್ವೇಷಿಸಿದ. ಹತ್ತನೇ ಅಂತಸ್ತಿನಲ್ಲಿ ಅಣ್ಣ ಉಸಿರಿಗಾಗಿ ನಿಂತ. ಗಾಜಿನೊಳಗಿನಿಂದ ಯಾರೋ ಅವನಿಗೆ ಕೈಬೀಸಿದರು, ಅಣ್ಣನೂ ಕೈಬೀಸಿದ. ಮೇಸ್ತ್ರಿ ಹಗ್ಗದ ಗಂಟಿನ ಮೇಲೆ ಎರಡೂ ಕೈಯಿಟ್ಟು ಮಂಡಿಯೂರಿ ಕೂತಿದ್ದರು, ಗಂಟು ಬಿಚ್ಚಿದರೆ ತಾವೇ ಗಂಟಾಗುವವರಂತೆ.

ಇಪ್ಪತ್ತು ನಿಮಿಷವಲ್ಲ, ಹದಿನೇಳಾಯಿತು. ಅಣ್ಣನ ಮೊಣಕೈ ಅಂಚಿನ ಮೇಲೆ ಬಂದಾಗ ಇಬ್ಬರೂ ಸೇರಿ ಒಳಗೆಳೆದರು.

ಅಣ್ಣ ನೀರು ಕೇಳಲಿಲ್ಲ. ಶಿರಸ್ತ್ರಾಣ ಬಿಚ್ಚಿ ನೆಲಕ್ಕಿಟ್ಟ. ಕೈಗವಸು ಕಳಚಿದ. ಹಗ್ಗವನ್ನು ಮೇಲೆಳೆದುಕೊಳ್ಳುತ್ತಾ ಬಲ ಅಂಗೈಯೊಳಗೆ ಹಾಯಿಸತೊಡಗಿದ. ಕಣ್ಣು ಮುಚ್ಚಿದ್ದ. ಹಗ್ಗ ಅವನ ಕಾಲ ಬಳಿ ಸುರುಳಿಯಾಗಿ ಬೀಳುತ್ತಾ ಹೋಯಿತು. ಹತ್ತು ಮೀಟರ್. ಹದಿನೈದು. ಇಪ್ಪತ್ತು.

ಕೈ ನಿಂತಿತು.

ಅಣ್ಣ ಕಣ್ಣು ತೆರೆಯುವ ಮೊದಲೇ ಅವನು ನೋಡಿದ. ಹೊರಗಿನ ನೀಲಿ ಹೆಣಿಗೆ ಬೆರಳುದ್ದ ಸೀಳಿತ್ತು. ಒಳಗಿನ ಬಿಳಿ ಎಳೆಗಳು ಅರ್ಧಕ್ಕೂ ಹೆಚ್ಚು ಹರಿದು ಜೋಳದ ಕೂದಲಿನಂತೆ ಹೊರಚಾಚಿದ್ದವು. ಅವುಗಳ ನಡುವೆ ಎರಡು ಕಪ್ಪು ನೂಲು. ಒಂದು ಕಡಿದೇ ಹೋಗಿತ್ತು.

ಮೂವರೂ ಪೆಟ್ಟಿಗೆಯನ್ನು ನೋಡಿದರು. ಹಸಿರು. ನಲವತ್ತು.

ಮೇಸ್ತ್ರಿ ಕಾವಲು ಹಗ್ಗವನ್ನೂ ಸರಸರನೆ ಎಳೆದು ಸವರಿದರು. ಅದೇ ಜಾಗದಲ್ಲಿ ಅದೂ ಕಾಲುಭಾಗ ಸವೆದಿತ್ತು. ಅವರು ಅದನ್ನು ಕೆಳಗೆ ಹಾಕಿ, ಗೋಡೆಗೊರಗಿ ನಿಂತರು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನಿನಗೆ ಹನ್ನೆರಡು ವರ್ಷದಿಂದ ನಾನು ಇನ್ನೇನು ಹೇಳಿಕೊಟ್ಟೆನೋ ಹಲ್ಲಿ? ಹಗ್ಗ ಸವರದೆ ಇಳಿದ್ಯಾ?"

"ತಪ್ಪಾಯ್ತು."

"ಹಾಸು ಸರಿದಿದೆ. ಅದನ್ನೂ ನೋಡ್ಲಿಲ್ಲ."

"ಅದೂ ತಪ್ಪು."

"ನಿನ್ನ ಹೆಂಡತಿಗೆ ನಾನು ಹೋಗಿ ಏನಂತ ಹೇಳಬೇಕಿತ್ತೋ?"

ಮೇಸ್ತ್ರಿಯ ಕಟ್ಟಳೆ ಎಲ್ಲರಿಗೂ ಗೊತ್ತಿತ್ತು. ಸವರದೆ ಇಳಿದವನು ಮೂರು ತಿಂಗಳು ನೆಲದಲ್ಲಿ: ಬಕೆಟ್ ತುಂಬಬೇಕು, ಚಿಂದಿ ಒಗೆಯಬೇಕು, ನಿನ್ನೆ ಬಂದವರಿಗೆ ಹಗ್ಗ ಹಿಡಿದು ನಿಲ್ಲಬೇಕು. ಮೇಸ್ತ್ರಿ ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ. ಅಣ್ಣನೇ ಸೊಂಟಪಟ್ಟಿ ಬಿಚ್ಚಿ, ಮಡಿಸಿ, ಅವರ ಪಾದದ ಹತ್ತಿರ ಇಟ್ಟ.

"ಅಣ್ಣಂದಲ್ಲ ತಪ್ಪು," ಎಂದ ಅವನು. "ಪೆಟ್ಟಿಗೆ ಅರ್ಧ ಹಗ್ಗವನ್ನಷ್ಟೇ ನೋಡ್ತಿತ್ತು. ಬೆಸುಗೆ ನಾನೇ ಹಾಕಿದ್ದು. ಎರಡು ಎಳೆ ಒಂದಕ್ಕೊಂದು ಅಂಟಿಕೊಂಡಿದೆ."

"ನಿಮ್ಮ ಪೆಟ್ಟಿಗೆ ವಿಷಯ ನಿಮಗೆ," ಎಂದರು ಮೇಸ್ತ್ರಿ. "ನನ್ನ ಹುಡುಗರ ಕೈ ವಿಷಯ ನನಗೆ." ಅವರು ಏಣಿಯ ಕಡೆ ನಡೆದರು. ಚೆಲ್ಲಿದ ಬೀಜಗಳು ಅವರ ಚಪ್ಪಲಿಯಡಿ ಚಟಚಟ ಎಂದವು.

ಅಣ್ಣತಮ್ಮ ಇಬ್ಬರೇ ಉಳಿದರು. ಅಣ್ಣ ಜೇಬಿನಿಂದ ಚಾಕು ತೆಗೆದು ಹರಿದ ಜಾಗದಲ್ಲಿ ಹಗ್ಗವನ್ನು ಪೂರ್ತಿ ಕತ್ತರಿಸಿದ. ಗಾಯವಾದ ಹಗ್ಗವನ್ನು ಯಾರೂ ಮರೆತು ಮತ್ತೆ ಕಟ್ಟಬಾರದು ಎಂದು ಹಾಗೆ ಮಾಡುತ್ತಾರೆ. ಕತ್ತರಿಸಿದ ಬಾಯಿಯಿಂದ ಕಪ್ಪು ನೂಲೊಂದನ್ನು ಉಗುರಲ್ಲಿ ಹೊರಗೆಳೆದು ಬಿಸಿಲಿಗೆ ಹಿಡಿದ.

"ಇಷ್ಟು ತೆಳು ಅಂತ ಗೊತ್ತಿರಲಿಲ್ಲ," ಎಂದ. "ಎಷ್ಟು ದಿನ ಬೇಕು ಇದನ್ನ ಮಾಡೋಕೆ?"

"ಎರಡು ದಿನ. ಹತ್ತು ಮೀಟರಿಗೆ."

"ಹೂಂ." ನೂಲನ್ನು ಬೆರಳಿಗೆ ಸುತ್ತಿಕೊಂಡ. "ಯಾವಾಗ ಗೊತ್ತಾಯ್ತೋ ನಿನಗೆ?"

ಅಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ನೂಲನ್ನೇ ನೋಡುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಕೆಳಗೆ ರಸ್ತೆಯಲ್ಲಿ ಯಾವುದೋ ಗಾಡಿ ಹಾರನ್ ಒತ್ತಿ ಒತ್ತಿ ಸುಮ್ಮನಾಯಿತು.

"ಇವತ್ತು. ಬೆಳಿಗ್ಗೆ ಒಂಬತ್ತೂಕಾಲಿಗೆ."

"ಗೊತ್ತಾದ ತಕ್ಷಣ ಓಡಿ ಬಂದ್ಯಾ? ಈ ಕೋಟಲ್ಲೇ?"

"ಹೌದು."

ಅಣ್ಣ ಈಗ ಅವನನ್ನು ನೋಡಿದ. ಕೈ ಎತ್ತಿ ಅವನ ಕತ್ತಿನ ಹಿಂಭಾಗವನ್ನು ಹಿಡಿದು, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಒಮ್ಮೆ ಅಲ್ಲಾಡಿಸಿದ. ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. "ಆಯ್ತು ಬಿಡು. ನಿನ್ನ ಅತ್ತಿಗೆಗೆ ಮಾತ್ರ ಹೇಳಬೇಡ. ನೆಲದ ಕೆಲಸ ನಾನೇ ಕೇಳಿಕೊಂಡೆ, ಮಂಡಿ ನೋವು ಅಂತ ಹೇಳ್ತೀನಿ."

ಮಧ್ಯಾಹ್ನ ಅವನು ಮೇಡಂ ಮುಂದೆ ಉಳಿಕೆ ತುಂಡನ್ನೂ ಮೀಟರನ್ನೂ ಇಟ್ಟ. ಮೇಡಂ ತಾವೇ ಅಳೆದರು. ಒಂದು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಅರ್ಧ ಅಂದಾಗ ನನಗೇ ಹೊಳೀಬೇಕಿತ್ತು," ಎಂದಷ್ಟೇ ಅಂದರು. ಸಮಿತಿಗೆ ಪತ್ರ ಹೋಯಿತು: ಅಂಕಿ ತಪ್ಪು, ಪರೀಕ್ಷೆ ನಿಲ್ಲಿಸಲಾಗಿದೆ. ಆ ಪತ್ರಕ್ಕೆ ಅವನೂ ಸಹಿ ಹಾಕಿದ. ದಿನಚರಿ ಪುಸ್ತಕದಲ್ಲಿ ಬೆಸುಗೆಯ ಚಿತ್ರ ಬರೆದು, ತಪ್ಪು ನನ್ನದು ಎಂದು ಬರೆದ. ತಾರೀಖಿನ ಜಾಗದಲ್ಲಿ ಗುರುವಾರದ್ದನ್ನೇ ಹಾಕಿದ.

ಮೂರು ತಿಂಗಳು ಅಣ್ಣ ಬಕೆಟ್ ಹೊತ್ತ. ಹಗ್ಗದವರು ಅವನನ್ನು ನೆಲಹಲ್ಲಿ ಎಂದು ಕರೆದು ನಕ್ಕರು, ಅವನೂ ನಕ್ಕ. ಮನೆಯಲ್ಲಿ ಅತ್ತಿಗೆ ಅವನ ಮಂಡಿಗೆ ಎಣ್ಣೆ ತಿಕ್ಕುತ್ತಾ, "ಇಷ್ಟು ದಿನ ಆಕಾಶದಲ್ಲಿದ್ದವರು ಈಗಲಾದ್ರೂ ಕೈಗೆ ಸಿಕ್ಕಿದ್ರಲ್ಲ," ಎನ್ನುತ್ತಿದ್ದಳು. ನೋವಿಲ್ಲದ ಮಂಡಿಯನ್ನು ಅಣ್ಣ ಚಾಚಿಕೊಂಡು ಕೂತಿರುತ್ತಿದ್ದ. ತಮ್ಮನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದ. ಅವನು ತಟ್ಟೆಯತ್ತ ತಲೆ ತಗ್ಗಿಸುತ್ತಿದ್ದ.

ಮೂರನೇ ಹಗ್ಗದಲ್ಲಿ ಬೆಸುಗೆಗಳು ಮೊಳ ಮೊಳ ದೂರವಿದ್ದವು. ಅಂಕಿ ಎಂಬತ್ಮೂರು ಬಂತು. ಕೊಂಕುಕೊಂಕಾದ, ನಂಬಬಹುದಾದ ಅಂಕಿ. ಅದನ್ನು ಮೊದಲು ಕಟ್ಟಿಕೊಂಡವನು ಅಣ್ಣನೇ. ಬೇರೆ ಯಾರನ್ನಾದರೂ ಕೇಳೋಣ ಎಂದು ಮೇಡಂ ಅಂದರೂ ಅಣ್ಣ ಬಿಡಲಿಲ್ಲ. ಕಣ್ಣು ಮುಚ್ಚಿ ನಲವತ್ತು ಮೀಟರನ್ನೂ ಅಂಗೈಯಲ್ಲಿ ಹಾಯಿಸಿದ. ಆಮೇಲೆ ಪೆಟ್ಟಿಗೆ ನೋಡಿದ. ಆಮೇಲೆ ತಮ್ಮನನ್ನು ನೋಡಿದ.

"ನಿನ್ನ ದಾರ ತಪ್ಪಬಹುದು, ನನ್ನ ಕೈ ತಪ್ಪಬಹುದು," ಎಂದ. "ಆದರೆ ನೀನು ಗೊತ್ತಾದ ಕೂಡಲೇ ಓಡಿ ಬರ್ತೀಯ ಅನ್ನೋದು ನನಗೆ ಗೊತ್ತು. ಅಷ್ಟಿದ್ದರೆ ಸಾಕು ಕಣೋ."

ಅಂಚು ದಾಟಿ, ಗೋಡೆಗೆ ಕಾಲು ಕೊಟ್ಟು, ಅಣ್ಣ ಇಳಿದುಹೋದ.

ಸೋಮವಾರವೇ ತನಗೆ ಅನುಮಾನ ಬಂದಿತ್ತು, ಮೂರು ದಿನ ಆ ಡ್ರಾಯರ್ ತೆರೆಯದೆ ಸುಮ್ಮನಿದ್ದೆ ಎಂದು ಅವನು ಅಣ್ಣನಿಗೆ ಎಂದೂ ಹೇಳಲಿಲ್ಲ.